ಪರೀಕ್ಷಕನು ಹಿಂದಿನ ಆಸನದಲ್ಲಿ

ಜಹೀರಾಬಾದಿನಿಂದ ಬೀದರಿಗೆ ಸುಮಾರು ಮೂವತ್ತು ಕಿಲೋಮೀಟರಿನ ಹಾದಿ. ಅಲ್ಲಿಯ ವಾಯುನೆಲೆಯ ವಿಮಾನವೊಂದು ಶಾಲೆಯ ಮೇಲೆ ಹಾದುಹೋದರೆ ಪಾಠವು ತಾನಾಗಿಯೇ ನಿಲ್ಲುತ್ತದೆ. ಮಕ್ಕಳ ಕಣ್ಣುಗಳೆಲ್ಲ ಕಿಟಕಿಯತ್ತ ಹೊರಳುತ್ತವೆ. ಮೊದಮೊದಲು ಗದರಿಸುತ್ತಿದ್ದೆ, ಈಗ ನಾನೂ ನೋಡುತ್ತೇನೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಿಂದಲೂ ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಅಂದಿನ ಆಂಧ್ರಪ್ರದೇಶಕ್ಕೆ ಸೇರಿದವು. ಅಂದಿನಿಂದ ನಾವು ಗಡಿಯ ಈಚೆಗಿನವರು. ಒಂದು ಕಡೆ ಬೀದರ, ಇನ್ನೊಂದು ಕಡೆ ಹೈದರಾಬಾದಿನ ಬಳಿಯ ದುಂಡಿಗಲ್; ವಾಯುಸೇನೆಯ ಚಾಲಕರು ವಿದ್ಯೆ ಕಲಿಯುವ ಎರಡು ದೊಡ್ಡ ಶಾಲೆಗಳ ನಡುವೆ ನಮ್ಮ ಊರುಗಳಿವೆ. ಆ ಶಾಲೆಗಳಲ್ಲಿ ಪರೀಕ್ಷೆ ಹೇಗೆ ನಡೆಯುತ್ತದೆಂಬುದನ್ನು ಬಲ್ಲವರು ಮಾತ್ರ ನಮ್ಮ ಮನೆಗಳಲ್ಲಿ ವಿರಳ.

ನನಗೂ ತಿಳಿದಿರಲಿಲ್ಲ. ಗಣಿತದಲ್ಲಿ ಬಹಳ ಚುರುಕಾಗಿದ್ದ ನನ್ನ ವಿದ್ಯಾರ್ಥಿಯೊಬ್ಬನು ವಾಯುಸೇನೆಯ ಆಯ್ಕೆಗೆ ಹೊರಟಾಗ, 'ಹೋಗಿ ಬಾ, ಈ ಸಲವಲ್ಲದಿದ್ದರೆ ಮುಂದಿನ ಸಲ' ಎಂದು ಹರಸಿ ಕಳುಹಿಸಿದೆ. ಉಳಿದ ಪರೀಕ್ಷೆಗಳನ್ನೆಲ್ಲ ದಾಟಿದವನು ಚಾಲಕ ಸಾಮರ್ಥ್ಯದ ಯಂತ್ರಪರೀಕ್ಷೆಯ ಹಿಂದಿನ ರಾತ್ರಿ ಕಳವಳದಿಂದ ಕಣ್ಣು ಮುಚ್ಚಲಿಲ್ಲ, ಬೆಳಿಗ್ಗೆ ವಿವರಣೆ ಕೊಡುತ್ತಿದ್ದ ಹೊತ್ತಿನಲ್ಲಿ ತೂಕಡಿಸಿದನು, ಅನುತ್ತೀರ್ಣನಾದನು. ಆ ಪರೀಕ್ಷೆಗೆ ಮುಂದಿನ ಸಲವೆಂಬುದಿಲ್ಲ. ಒಮ್ಮೆ ಅದರಲ್ಲಿ ಸೋತವನು ಚಾಲಕ ಶಾಖೆಗೆ ಮತ್ತೆ ಪ್ರಯತ್ನಿಸುವಂತಿಲ್ಲ. ಈ ಒಂದು ನಿಯಮವನ್ನು ತಿಳಿದಿದ್ದರೆ ನಾನು ಹರಸುತ್ತಿದ್ದ ಮಾತು ಬೇರೆಯಾಗಿರುತ್ತಿತ್ತು. ಆ ಬಳಿಕ ನಿವೃತ್ತ ವೈಮಾನಿಕ ಬೋಧಕರೊಬ್ಬರನ್ನು ಕಂಡು ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೀದರದಲ್ಲಿ ಹಿಂದೆ ಎಚ್‌ಟಿ-2 ಎಂಬ ಚಿಕ್ಕ ವಿಮಾನದ ಮೇಲೆ ಮೊದಲ ಪಾಠಗಳು ನಡೆಯುತ್ತಿದ್ದವು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ವಿಮಾನವದು. 1964ರಲ್ಲಿ ಅಲ್ಲಿಯದೇ ಕಿರಣ್ ಜೆಟ್ ವಿಮಾನವು ಹಾರಿತು. ಈಗ ಶಿಬಿರಾರ್ಥಿಗಳು ದುಂಡಿಗಲ್‌ನ ಅಕಾಡೆಮಿಯಲ್ಲಿ, 2013ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನದ ಮೇಲೆ ಓಂ ನಾಮ ಬರೆಯುತ್ತಾರೆ. ಯುದ್ಧವಿಮಾನಕ್ಕೆ ಆಯ್ಕೆಯಾದವರು ಕೊನೆಯ ಹಂತಕ್ಕೆ ಬೀದರದ ಹಾಕ್ ವಿಮಾನಕ್ಕೆ ಬರುವರು. ಹಾಕ್ ಅಲ್ಲಿಗೆ ಬಂದುದು 2008ರಲ್ಲಿ.

ಕಿರಣ್‌ನಲ್ಲಿ ಗುರುಶಿಷ್ಯರು ಅಕ್ಕಪಕ್ಕದಲ್ಲಿ ಕೂರುತ್ತಿದ್ದರು. ಪಿಲಾಟಸ್, ಹಾಕ್‌ಗಳಲ್ಲಿ ಶಿಷ್ಯನು ಮುಂದೆ, ಬೋಧಕನು ಹಿಂದೆ. ಪರೀಕ್ಷೆಯ ದಿನ ಆ ಹಿಂದಿನ ಆಸನಕ್ಕೆ ಬರುವವನು ನಿತ್ಯದ ಬೋಧಕನಲ್ಲ; ಬೇರೊಬ್ಬನು. ಅವನ ಮುಖ ಕಾಣದು, ಧ್ವನಿ ಮಾತ್ರ ಕಿವಿಗೆ ಬೀಳುವುದು. ಇದನ್ನು ಕೇಳಿದಾಗ ನನಗೆ ಶಿಕ್ಷಕ ತರಬೇತಿಯ ದಿನಗಳು ನೆನಪಾದವು. ಅಭ್ಯಾಸ ಪಾಠದ ದಿನ ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತರೆ ಬಲ್ಲ ಪಾಠವೂ ಬಾಯಿಂದ ಹೊರಡುತ್ತಿರಲಿಲ್ಲ. ಆದರೆ ನಾನು ತಪ್ಪಿದರೆ ಹೆಚ್ಚೆಂದರೆ ಸೀಮೆಸುಣ್ಣ ಮುರಿಯುತ್ತಿತ್ತು.

ಮೊದಲ ದೊಡ್ಡ ಪರೀಕ್ಷೆ ಏಕಾಕಿ ಹಾರಾಟಕ್ಕೆ ಮುಂಚಿನದು. ಏರುವುದು, ರನ್‌ವೇಯನ್ನು ಒಂದು ಸುತ್ತು ಬರುವುದು, ಇಳಿಯುವುದು. ಇಷ್ಟನ್ನು ಪರೀಕ್ಷಕನ ನೆರವಿಲ್ಲದೆ ಮಾಡಿದವನನ್ನು ಮಾತ್ರ ಒಬ್ಬನೇ ಹಾರಲು ಬಿಡುವರು. ಮುಂದೆ ಪಲ್ಟಿಗಳು, ಹೊರಗಿನ ನೋಟವನ್ನು ಮರೆಮಾಡಿ ಉಪಕರಣಗಳನ್ನಷ್ಟೇ ನಂಬಿ ಹಾರುವುದು, ದಾರಿ ಹುಡುಕುವುದು, ಜೊತೆಹಾರಾಟ, ರಾತ್ರಿಹಾರಾಟ. ಒಂದೊಂದು ಹಂತಕ್ಕೂ ಪರೀಕ್ಷೆಯುಂಟು.

ಇವೆಲ್ಲಕ್ಕೂ ಸಿದ್ಧತೆ ನಡೆಯುವುದು ನೆಲದ ಮೇಲೆ, ಸಾಧಾರಣ ಮರದ ಕುರ್ಚಿಯೊಂದರಲ್ಲಿ! ಶಿಬಿರಾರ್ಥಿಯು ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತು ಎಡಗೈಯಲ್ಲಿ ಎಂಜಿನ್ನಿನ ಹಿಡಿಯನ್ನೂ ಬಲಗೈಯಲ್ಲಿ ನಿಯಂತ್ರಣದ ಕೋಲನ್ನೂ ಹಿಡಿದಂತೆ ಭಾವಿಸಿ, ಇಡೀ ಹಾರಾಟವನ್ನು ಮೊದಲಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳುತ್ತ ನಡೆಸುತ್ತಾನೆ. ಯಾವ ಗುಂಡಿ ಎಲ್ಲಿದೆಯೆಂದು ಕೈಗೆ ತಿಳಿದಿರಬೇಕು, ಕಣ್ಣಿಗಲ್ಲ. ನಿಂತ ವಿಮಾನದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮುಟ್ಟಿಸಿ ನೋಡುವ ರೂಢಿಯೂ ಉಂಟು. ಆಪತ್ತಿನ ಕ್ರಮಗಳನ್ನು ನಮ್ಮ ಮಕ್ಕಳು ಮಗ್ಗಿ ಒಪ್ಪಿಸುವಂತೆ ಒಪ್ಪಿಸಬೇಕು. ಏರಿದೊಡನೆ ಎಂಜಿನ್ ನಿಂತರೆ ಮೂತಿಯನ್ನು ತಗ್ಗಿಸಿ ವೇಗ ಉಳಿಸಿಕೊಂಡು ಮುಂದಿರುವ ನೆಲದ ಕಡೆಗೇ ಸಾಗಬೇಕು. ಎತ್ತರವಿಲ್ಲದಾಗ ರನ್‌ವೇಗೆ ಮರಳಲು ತಿರುಗಿದವನು ವೇಗ ಕಳೆದುಕೊಂಡು ಬೀಳುವನು. ಗಿರಕಿಗೆ ಸಿಲುಕಿದ ವಿಮಾನವು ಗೊತ್ತುಪಡಿಸಿದ ಎತ್ತರದೊಳಗೆ ಚೇತರಿಸದಿದ್ದರೆ ಅದನ್ನು ತೊರೆದು ಹೊರಬೀಳಬೇಕು. ಆ ಕ್ಷಣದಲ್ಲಿ ಯೋಚಿಸಲು ವೇಳೆಯಿಲ್ಲ, ಆದುದರಿಂದ ಕಂಠಪಾಠ. ಕಂಠಪಾಠವನ್ನು ಹಳಿಯುವ ಇಂದಿನ ಶಿಕ್ಷಣತಜ್ಞರು ಇದನ್ನು ಗಮನಿಸಲಿ.

ಹೆಚ್ಚು ಮಂದಿ ಸೋಲುವುದು ಕೌಶಲವಿಲ್ಲದೆ ಅಲ್ಲ ಎಂದು ಆ ಬೋಧಕರು ಹೇಳಿದರು. ಒಂದು ಸಣ್ಣ ತಪ್ಪಾಯಿತೆಂದು ಮನಸ್ಸು ಅಲ್ಲಿಯೇ ನಿಲ್ಲುವುದು, ವಿಮಾನ ಮಾತ್ರ ಮುಂದೆ ಹೋಗಿರುವುದು. ಎತ್ತರ ತಪ್ಪಿತೇ? 'ತಪ್ಪಿದೆ, ಸರಿಪಡಿಸುತ್ತಿದ್ದೇನೆ' ಎಂದು ಗಟ್ಟಿಯಾಗಿ ಹೇಳಿ ಮುಂದುವರಿಯುವವನನ್ನು ಪರೀಕ್ಷಕನು ಮೆಚ್ಚುತ್ತಾನೆ, ಮುಚ್ಚಿಡುವವನನ್ನು ನಂಬುವುದಿಲ್ಲ. ಇಳಿದ ಮೇಲೆ ಇಬ್ಬರೂ ಕುಳಿತು ಹಾರಾಟವನ್ನು ಹಂತಹಂತವಾಗಿ ಬಿಡಿಸಿ ನೋಡುತ್ತಾರೆ. ನಮ್ಮ ಪರೀಕ್ಷೆಗಳಲ್ಲಿ ಉತ್ತರಪತ್ರಿಕೆ ಕಟ್ಟಿನೊಳಗೆ ಹೋದರೆ ಮುಗಿಯಿತು. ತಾನೆಲ್ಲಿ ಎಡವಿದೆನೆಂಬುದು ಹುಡುಗನಿಗೆ ತಿಳಿಯುವುದೇ ಇಲ್ಲ.

ಅನುತ್ತೀರ್ಣನಾದವನಿಗೆ ಹೆಚ್ಚಿನ ಪಾಠಗಳುಂಟು, ಮರುಪರೀಕ್ಷೆಯುಂಟು. ಅದರಲ್ಲಿಯೂ ಆಗದಿದ್ದರೆ ಹಾರಾಟ ನಿಲ್ಲಿಸುವರು. ಕಠೋರವೆನಿಸಬಹುದು. 2023ರ ಡಿಸೆಂಬರ್ 4ರಂದು ದುಂಡಿಗಲ್‌ನಿಂದ ಹೊರಟ ಪಿಲಾಟಸ್ ನಮ್ಮ ನೆರೆಯ ಮೆದಕ್ ಜಿಲ್ಲೆಯ ತೂಪ್ರಾನ್ ಬಳಿ ಬಿದ್ದು ಬೋಧಕ, ಶಿಬಿರಾರ್ಥಿ ಇಬ್ಬರೂ ತೀರಿಕೊಂಡರು. ಈ ವಿದ್ಯೆಯಲ್ಲಿ ಜೀವವೇ ಪಣವೆಂಬುದನ್ನು ತಾಯ್ತಂದೆಯರು ಅರಿತೇ ಮಕ್ಕಳನ್ನು ಕಳುಹಿಸಬೇಕು.

ಹೆಣ್ಣುಮಕ್ಕಳಿಗೂ ಈ ಹಾದಿ ತೆರೆದಿದೆ. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ದುಂಡಿಗಲ್‌ನಲ್ಲಿ ಯುದ್ಧವಿಮಾನ ಶಾಖೆಗೆ ಸೇರಿದರು. 2018ರಲ್ಲಿ ನಮ್ಮ ಚಿಕ್ಕಮಗಳೂರಿನ ಮೇಘನಾ ಶಾನಭೋಗ್. ಹನ್ನೆರಡನೆಯ ತರಗತಿಯಲ್ಲಿ ಗಣಿತ, ಭೌತಶಾಸ್ತ್ರಗಳಿರಬೇಕು. ಕಣ್ಣನ್ನು ಮೊದಲೇ ವೈದ್ಯರಲ್ಲಿ ತೋರಿಸಿಕೊಳ್ಳಬೇಕು.

ನನ್ನ ಆ ವಿದ್ಯಾರ್ಥಿಯು ಈಗ ನಾರಾಯಣಖೇಡದ ಕಡೆ ಗಣಿತದ ಮೇಷ್ಟರು. ಕಳೆದ ಚಳಿಗಾಲದಲ್ಲಿ ತನ್ನ ಇಬ್ಬರು ಶಿಷ್ಯರನ್ನು ನಮ್ಮ ಮನೆಗೆ ಕರೆತಂದಿದ್ದನು. ನಾನು ಬಾಯಿ ತೆರೆಯುವ ಮೊದಲೇ ಅವನು ಅವರಿಗೆ, ಯಂತ್ರಪರೀಕ್ಷೆಯ ಹಿಂದಿನ ರಾತ್ರಿ ಒಂಬತ್ತು ಗಂಟೆಗೇ ಮಲಗಬೇಕೆಂದು ಎರಡು ಸಲ ಹೇಳಿದನು.