ಕಟ್ಟಡಗಳ ಛಾಯಾಚಿತ್ರವೂ ಒಡೆಯರ ಅನುಮತಿಯೂ: ಕೊಡಗಿನ ಐನ್‌ಮನೆಗಳನ್ನು ಕುರಿತು

ಇತಿಹಾಸದ ಅಭ್ಯಾಸದಲ್ಲಿ ಹಳೆಯ ಕಟ್ಟಡದ ಛಾಯಾಚಿತ್ರವು ಶಾಸನದ ಪಡಿಯಚ್ಚಿನಷ್ಟೇ ಬೆಲೆಯುಳ್ಳ ಆಧಾರವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಆದರೆ ಅದೇ ಚಿತ್ರವು ಮಾರಾಟದ ವಸ್ತುವಾದಾಗ ಯಾರ ಒಪ್ಪಿಗೆ ಬೇಕೆಂಬ ಪ್ರಶ್ನೆಯನ್ನು ನಾವು ಬಹುಕಾಲ ಕೇಳಿಕೊಂಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ದಕ್ಷಿಣ ಕೊಡಗಿನ ಒಂದು ಐನ್‌ಮನೆಗೆ ಹೋಗಿದ್ದಾಗ ನಾವು ತೆಗೆದ ಚಿತ್ರವೊಂದು ಕೈಯಿಂದ ಕೈಗೆ ಸಾಗಿ ಒಂದು ವ್ಯಾಪಾರ ಸಂಸ್ಥೆಯ ಕ್ಯಾಲೆಂಡರಿನಲ್ಲಿ ಕಾಣಿಸಿಕೊಂಡಿತು. ಆ ಒಕ್ಕದ ಹಿರಿಯರು ಕೋಪಿಸಿಕೊಳ್ಳಲಿಲ್ಲ. “ನಮ್ಮನ್ನು ಒಂದು ಮಾತು ಕೇಳಬಹುದಾಗಿತ್ತು” ಎಂದಷ್ಟೇ ನುಡಿದರು.

ಮೊದಲು ಕಾನೂನನ್ನು ನೋಡೋಣ. 1957ರ ಕೃತಿಸ್ವಾಮ್ಯ ಅಧಿನಿಯಮವು ಕಲಾತ್ಮಕ ಸ್ವರೂಪವುಳ್ಳ ಕಟ್ಟಡವನ್ನೂ ಕೃತಿಯೆಂದೇ ಎಣಿಸುತ್ತದೆ. ಅದರ ಸ್ವಾಮ್ಯವು ವಾಸ್ತುಶಿಲ್ಪಿಯ ಜೀವಿತಕಾಲವೂ ಆನಂತರದ 60 ವರ್ಷಗಳೂ ಇರುತ್ತದೆ. ಹಾಗಿದ್ದರೂ ಕಟ್ಟಡದ ಛಾಯಾಚಿತ್ರವನ್ನು ತೆಗೆಯುವುದಾಗಲಿ ಪ್ರಕಟಿಸುವುದಾಗಲಿ ಸ್ವಾಮ್ಯದ ಉಲ್ಲಂಘನೆಯಲ್ಲವೆಂದು 52ನೆಯ ಪ್ರಕರಣವು ಹೇಳುತ್ತದೆ. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಾಲಯದಂಥವುಗಳ ವಿಷಯದಲ್ಲಂತೂ ಸ್ವಾಮ್ಯದ ಮಾತೇ ಏಳುವುದಿಲ್ಲ. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಪ್ಯಾರಿಸಿನ ಐಫೆಲ್ ಗೋಪುರವು 1889ರದು, ಅದರ ಸ್ವಾಮ್ಯ ತೀರಿಹೋಗಿದೆ. ಆದರೆ ರಾತ್ರಿಯ ದೀಪಾಲಂಕಾರವು ಪ್ರತ್ಯೇಕ ಕೃತಿಯೆಂದು ವಾದಿಸಿ, ಅದರ ಚಿತ್ರವನ್ನು ವ್ಯಾಪಾರಕ್ಕೆ ಬಳಸುವವರು ಅನುಮತಿ ಪಡೆಯಬೇಕೆಂದು ಗೋಪುರದ ಆಡಳಿತದವರು ಕೇಳುತ್ತಾರೆ.

ಹಾಗಾದರೆ ಚಿತ್ರಗಳನ್ನು ಕೊಂಡು ಮಾರುವ ಸಂಸ್ಥೆಗಳು ‘ಪ್ರಾಪರ್ಟಿ ರಿಲೀಸ್’ ಎಂಬ ಒಪ್ಪಿಗೆಪತ್ರವನ್ನು ಏಕೆ ಕೇಳುತ್ತವೆ? ಇದು ಕೃತಿಸ್ವಾಮ್ಯದ ಕಟ್ಟಳೆಯಲ್ಲ, ವ್ಯವಹಾರದ ಎಚ್ಚರಿಕೆ. ಜಾಹೀರಾತಿನಲ್ಲಿ ಮನೆಯೊಂದನ್ನು ತೋರಿಸಿದರೆ ಒಡೆಯನೇ ಆ ಸರಕನ್ನು ಮೆಚ್ಚಿದನೆಂಬ ಭಾವನೆ ಬರಬಹುದು. ಕಟ್ಟಡದ ಆಕಾರವೇ ವ್ಯಾಪಾರಮುದ್ರೆಯಾಗಿರಲೂಬಹುದು. ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲು 2017ರಲ್ಲಿ ಅಂಥ ನೋಂದಣಿಯನ್ನು ಪಡೆಯಿತು. ಪತ್ರಿಕೆಯ ವರದಿಗೂ ಪಾಠಪುಸ್ತಕಕ್ಕೂ ಈ ಪತ್ರವನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಸಂರಕ್ಷಿತ ಸ್ಮಾರಕಗಳದು ಬೇರೆಯ ಮಾತು: ಅಲ್ಲಿನ ಚಿತ್ರೀಕರಣಕ್ಕೆ ಪುರಾತತ್ತ್ವ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ.

ಕೊಡಗಿನಲ್ಲಿ ನಿಜವಾದ ತೊಡಕಿರುವುದು ಐನ್‌ಮನೆಯ ಸಂಗತಿಯಲ್ಲಿ. ಅಚ್ಚಾದ ನಮೂನೆಯಲ್ಲಿ ‘ಒಡೆಯನ ಸಹಿ’ ಎಂದು ಒಂದೇ ಗೆರೆ ಇರುತ್ತದೆ. ಐನ್‌ಮನೆಯಾದರೋ ಒಬ್ಬನದಲ್ಲ, ಒಬ್ಬ ಕಾರೋಣನಿಂದ ಇಳಿದುಬಂದ ಇಡೀ ಒಕ್ಕದ್ದು. ಬೆಂಗಳೂರಿನಲ್ಲಿರುವ ಮಗನಿಗೂ ಹೊರದೇಶದಲ್ಲಿರುವ ಅಣ್ಣನಿಗೂ ಅದು ತನ್ನ ಮನೆಯೇ. ಪಟ್ಟೆದಾರರು ಒಕ್ಕದ ಹಿರಿಯರು, ಅದರ ಪರವಾಗಿ ಮಾತನಾಡುವವರು ಹೌದು. ಆದರೆ ಎಲ್ಲರ ಹಕ್ಕನ್ನೂ ಅವರೊಬ್ಬರೇ ಬರೆದುಕೊಡಬಲ್ಲರೆಂದು ಭಾವಿಸುವುದು ಸರಿಯೆಂದು ನಮಗೆ ತೋರುವುದಿಲ್ಲ. ಪುತ್ತರಿಗೋ ಕಾರೋಣರ ಪೂಜೆಗೋ ಒಕ್ಕದವರೆಲ್ಲ ಕೂಡಿದಾಗ ವಿಷಯವನ್ನು ಮುಂದಿಟ್ಟು, ಪಟ್ಟೆದಾರರ ಸಹಿಯೊಡನೆ ಇನ್ನಿಬ್ಬರು ಮೂವರ ಸಹಿಯನ್ನೂ ಪಡೆಯುವುದು ಮೇಲು. ಇದು ನಿಧಾನದ ದಾರಿ. ಕೊಳ್ಳುವವರಿಗೆ ಅಷ್ಟು ತಾಳ್ಮೆಯಿರುವುದು ಅಪರೂಪ.

ಓಣಿಯಲ್ಲಿ ನಿಂತು ಮನೆಯ ಮುಖವನ್ನು ತೆಗೆಯುವುದಕ್ಕೂ ಒಳಗಿನ ನೆಲ್ಲಕ್ಕಿ ನಡುಬಾಡೆಯಲ್ಲಿ ಉರಿಯುವ ದೀಪವನ್ನು ತೆಗೆಯುವುದಕ್ಕೂ ಅಂತರವಿದೆ. ಮನೆಯವರು ಕಾಫಿ ಕೊಟ್ಟು ಒಳಗೆ ಕರೆದರೆಂಬುದರಿಂದ ಆ ಚಿತ್ರವನ್ನು ಮಾರಲು ಒಪ್ಪಿದರೆಂದಾಗುವುದಿಲ್ಲ. ಕೈಮಡದ ವಿಷಯದಲ್ಲಿ ಕೇಳದೆ ಕ್ಯಾಮೆರಾವನ್ನು ಎತ್ತಲೇಬಾರದು.

ಇನ್ನೊಂದು ಸಂಗತಿ ಒಕ್ಕದವರಿಗೇ ತಿಳಿದಿರುವುದು ವಿರಳ. ಅಧಿನಿಯಮದ 17ನೆಯ ಪ್ರಕರಣದಂತೆ, ಹಣ ಕೊಟ್ಟು ತೆಗೆಯಿಸಿದ ಛಾಯಾಚಿತ್ರದ ಮೊದಲ ಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಯಿಸಿದವರದು. ಮನೆಯ ಸಮಾರಂಭಕ್ಕೆ ಒಕ್ಕವೇ ಕರೆಯಿಸಿದ ಸ್ಟುಡಿಯೋದವರು ಆ ಚಿತ್ರಗಳನ್ನು ತಾವಾಗಿ ಮಾರುವಂತಿಲ್ಲ. ನಾವಾಗಿ ತೆಗೆದ ಚಿತ್ರದ ಸ್ವಾಮ್ಯವಾದರೋ ನಮ್ಮದೇ. ಕ್ಯಾಲೆಂಡರಿನ ಪ್ರಸಂಗದಲ್ಲಿ ಕಾನೂನು ನಮ್ಮ ಕಡೆಗೇ ಇತ್ತು. ಆದರೂ ಈಗ ನಾವು ಕ್ಷೇತ್ರಕಾರ್ಯಕ್ಕೆ ಹೊರಡುವಾಗ ಕನ್ನಡದಲ್ಲಿ ಬರೆದ ಒಂದು ಪುಟದ ಪತ್ರವನ್ನು ಒಯ್ಯುತ್ತೇವೆ. ಅದರಲ್ಲಿ ಅಧ್ಯಯನಕ್ಕೆ, ಪ್ರಕಟಣೆಗೆ, ಮಾರಾಟಕ್ಕೆ ಎಂದು ಮೂರು ಒಪ್ಪಿಗೆಗಳು ಬೇರೆ ಬೇರೆಯಾಗಿವೆ. ಮೂರನೆಯದನ್ನು ಹೊಡೆದುಹಾಕಿ ಸಹಿ ಮಾಡಿದ ಮನೆಗಳೇ ಹೆಚ್ಚು.