ಮೂರರ ಲೆಕ್ಕ ತಪ್ಪಿದಾಗ

ಡುಶೆನ್ ಸ್ನಾಯುಕ್ಷಯವಿರುವ ಹುಡುಗರು ಐದು ವರ್ಷ ತುಂಬುವ ಹೊತ್ತಿಗೇ ಮೆಟ್ಟಿಲು ಹತ್ತಲು ಒದ್ದಾಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಹನ್ನೆರಡರ ಆಸುಪಾಸಿನಲ್ಲಿ ಗಾಲಿಕುರ್ಚಿ ಬೇಕಾಗುತ್ತದೆ. ಬೆಕರ್ ಸ್ನಾಯುಕ್ಷಯ ಇರುವ ಅನೇಕರು ನಡುವಯಸ್ಸಿನಲ್ಲೂ ನಡೆದಾಡುತ್ತಾರೆ. ಎರಡರಲ್ಲೂ ಕೆಟ್ಟಿರುವುದು ಒಂದೇ ಜೀನ್, ಡಿಸ್ಟ್ರೋಫಿನ್. 1990ರಲ್ಲಿ ವರದಿಯಾದ ಬೆಕರ್ ರೋಗಿಯೊಬ್ಬರಲ್ಲಿ ಈ ಜೀನಿನ ಸಂಕೇತಭಾಗದ ಶೇ. 46ರಷ್ಟು ಇರಲೇ ಇಲ್ಲ. ಆದರೂ ಅವರು 61ನೇ ವಯಸ್ಸಿನಲ್ಲಿ ನಡೆಯುತ್ತಿದ್ದರು. ಇನ್ನೆಷ್ಟೋ ಮಕ್ಕಳಲ್ಲಿ ಒಂದು ಚಿಕ್ಕ ತುಣುಕು ಹೋದರೂ ಡುಶೆನ್ ಬರುತ್ತದೆ. ಏಕೆ?

ಜೀವಕೋಶ ಡಿಎನ್‌ಎಯ ಸಂದೇಶವನ್ನು ಎಡೆಬಿಡದೆ, ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ಪ್ರತಿ ಮೂರಕ್ಕೆ ಒಂದು ಅಮೈನೋ ಆಮ್ಲ. ‘ಅವಳು ಕಮಲ ತಂದಳು’ ಎಂಬುದನ್ನು ಹಾಗೆ ಓದಿ ನೋಡಿ. ‘ವ’ ಬಿದ್ದುಹೋದರೆ ‘ಅಳುಕ ಮಲತಂ ದಳು’ ಆಗುತ್ತದೆ, ಮುಂದಿನದೆಲ್ಲ ಅಯೋಮಯ. ‘ಕಮಲ’ ಎಂಬ ಮೂರೂ ಅಕ್ಷರ ಹೋದರೆ ‘ಅವಳು ತಂದಳು’ ಉಳಿಯುತ್ತದೆ. ಅರ್ಥ ಸೊರಗಿದರೂ ಓದು ಕೆಡುವುದಿಲ್ಲ.

1961ರಲ್ಲಿ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನ್ನರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾವನ್ನು ಕಾಡುವ ವೈರಸ್ಸಿನಲ್ಲಿ ಇದನ್ನೇ ಕಂಡರು. ಒಂದು ಅಕ್ಷರ ಸೇರಿದರೆ ಜೀನ್ ಕೆಟ್ಟಿತು, ಎರಡು ಸೇರಿದರೂ ಕೆಟ್ಟಿತು. ಹತ್ತಿರ ಹತ್ತಿರ ಮೂರು ಸೇರಿದಾಗ ಮತ್ತೆ ಕೆಲಸ ಮಾಡಿತು.

ಡಿಸ್ಟ್ರೋಫಿನ್ ಜೀನಿನ ಸಂದೇಶ ಎಕ್ಸಾನ್ ಎಂಬ 79 ತುಣುಕುಗಳಲ್ಲಿ ಹಂಚಿಹೋಗಿದೆ. 50ನೇ ಎಕ್ಸಾನಿನಲ್ಲಿ 109 ಅಕ್ಷರಗಳಿವೆ. ಅದೊಂದೇ ಕಳೆದುಹೋದರೆ ಮೂರರ ಲೆಕ್ಕ ತಪ್ಪುತ್ತದೆ, ಸ್ವಲ್ಪ ಮುಂದೆಯೇ ‘ನಿಲ್ಲು’ ಎಂಬ ಸಂಕೇತ ಎದುರಾಗುತ್ತದೆ. ಸ್ನಾಯುಕೋಶದ ಒಳಗಿನ ಹಂದರವನ್ನು ಹೊರಪೊರೆಗೆ ಬಿಗಿಯುವುದು ಈ ಜೀನ್ ರೂಪಿಸುವ ಪ್ರೋಟೀನಿನ ಕೆಲಸ. ಒಂದು ತುದಿಯೇ ಇಲ್ಲದಿದ್ದರೆ ಅದು ಬಿಗಿಯಲಾರದು. 233 ಅಕ್ಷರಗಳ 51ನೇ ಎಕ್ಸಾನ್ ಕೂಡ ಹೋದರೆ? ಒಟ್ಟು 342, ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಪ್ರೋಟೀನಿನ ನಡು ಮೋಟಾಗುತ್ತದೆ, ಎರಡೂ ತುದಿ ಉಳಿಯುತ್ತವೆ. ಅಪವಾದಗಳಿವೆ, ಆದರೆ ಬಹುಪಾಲು ರೋಗಿಗಳಲ್ಲಿ ನಷ್ಟ ದೊಡ್ಡದೇ ಚಿಕ್ಕದೇ ಎನ್ನುವುದಕ್ಕಿಂತ ಓದಿನ ಲೆಕ್ಕ ಉಳಿಯಿತೇ ಎನ್ನುವುದೇ ರೋಗದ ತೀವ್ರತೆಯನ್ನು ನಿರ್ಧರಿಸುತ್ತದೆ.

51ನೇ ಎಕ್ಸಾನನ್ನು ಓದದೆ ದಾಟಿಸುವ ಎಟೆಪ್ಲಿರ್ಸೆನ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅದರಿಂದ ಹುಟ್ಟುವ ಡಿಸ್ಟ್ರೋಫಿನ್ ತೀರಾ ಕಡಿಮೆ, ಪ್ರಯೋಜನದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಇಂಥ ಔಷಧಗಳು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಆದ್ದರಿಂದ ಮಗುವಿನ ಜೀನ್ ಪರೀಕ್ಷೆಯ ವರದಿ ಕೈಗೆ ಬಂದಾಗ ತಂದೆತಾಯಿ ಎರಡು ಪ್ರಶ್ನೆಗಳನ್ನು ಕೇಳಲೇಬೇಕು: ಯಾವ ಎಕ್ಸಾನ್ ಹೋಗಿದೆ, ಮೂರರ ಲೆಕ್ಕ ಉಳಿದಿದೆಯೇ?