ಉಪ್ಪು-ಹುಳಿಗೆ ಮಣಿಯುವ ಚಿಪ್ಪು

ಅಲಸಂದೆ ಎಲೆಗೆ ಹಳದಿ ಮಚ್ಚೆ ತರುವ ಒಂದು ವೈರಸ್ಸಿದೆ. ವಿಜ್ಞಾನಿಗಳು ಅದನ್ನು ಸಿಸಿಎಂವಿ ಎನ್ನುತ್ತಾರೆ. ಅಡ್ಡಳತೆ ಸುಮಾರು 28 ನ್ಯಾನೋಮೀಟರ್. ಒಂದೇ ಅಚ್ಚಿನ 180 ಪ್ರೋಟೀನುಗಳು ಹೊಂದಿಕೊಂಡು ಚೆಂಡಿನಂಥ ಚಿಪ್ಪಾಗುತ್ತವೆ. ಒಳಗೆ ಆರ್‌ಎನ್‌ಎ ಎಳೆ. ಈ ಚಿಪ್ಪಿನ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬೇರ್ಪಡಿಸಿ, ಮತ್ತೆ ಸೋಂಕು ತಗುಲಿಸಬಲ್ಲ ವೈರಸ್ಸಾಗಿ ಕಟ್ಟಬಹುದೆಂದು ಬ್ಯಾಂಕ್ರಾಫ್ಟ್ ಮತ್ತು ಹೀಬರ್ಟ್ 1967ರಲ್ಲೇ ತೋರಿಸಿದರು. ದ್ರಾವಣದ ಉಪ್ಪನ್ನೂ ಹುಳಿಯನ್ನೂ ಹದವಾಗಿ ಬದಲಿಸಿದರೆ ಸಾಕು, ಚಿಪ್ಪು ತಾನಾಗಿ ಬಿಚ್ಚುತ್ತದೆ, ತಾನಾಗಿ ಕೂಡುತ್ತದೆ. ನನಗೆ ಇದು ಇಂದಿಗೂ ಬೆರಗಿನ ಸಂಗತಿ.

ಇದರ ಹಿಂದಿರುವುದು ವಿದ್ಯುದಂಶ. ಪ್ರತಿ ಪ್ರೋಟೀನಿಗೂ ಒಳಮುಖವಾಗಿ ಚಾಚಿದ ಒಂದು ಬಾಲವಿದೆ. ಅದರ ಮೇಲೆ ಆರ್ಜಿನೀನ್, ಲೈಸೀನ್‌ಗಳಿಂದ ಬಂದ ಸುಮಾರು 10 ಧನ ವಿದ್ಯುದಂಶ. ಋಣ ವಿದ್ಯುದಂಶದ ಆರ್‌ಎನ್‌ಎಯನ್ನು ಅಪ್ಪಿ ಹಿಡಿಯುವುದು ಈ ಬಾಲಗಳೇ. ಪ್ರೋಟೀನುಗಳು ಪರಸ್ಪರ ತಾಗುವ ಸಂದಿನಲ್ಲಿ ಮಾತ್ರ ಕಥೆ ಬೇರೆ: ಅಲ್ಲಿ ಗ್ಲುಟಾಮಿಕ್, ಆಸ್ಪಾರ್ಟಿಕ್ ಆಮ್ಲಗಳು ಎದುರುಬದುರು ಕುಳಿತಿವೆ. ಪಿಎಚ್ 5ರ ಆಸುಪಾಸಿನಲ್ಲಿ ಅವು ಪ್ರೋಟಾನು ಹಿಡಿದುಕೊಂಡು ತಣ್ಣಗಿರುತ್ತವೆ. ಪಿಎಚ್ 7 ದಾಟಿಸಿ, ಸಂದಿನಲ್ಲಿರುವ ಕ್ಯಾಲ್ಸಿಯಂ ತೆಗೆದರೆ ಪ್ರೋಟಾನು ಕಳಚಿ ಋಣ ವಿದ್ಯುದಂಶಗಳಾಗಿ ಒಂದನ್ನೊಂದು ತಳ್ಳುತ್ತವೆ. ಚಿಪ್ಪು ಸುಮಾರು ಶೇ. 10ರಷ್ಟು ಉಬ್ಬುತ್ತದೆ.

ಈ ವಿದ್ಯುದಂಶಗಳನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವವರ ಕಷ್ಟ ಇಲ್ಲೇ ಇರುವುದು. ಒಂದು ಆಮ್ಲ ಪ್ರೋಟಾನು ಬಿಡುತ್ತದೋ ಇಲ್ಲವೋ ಎಂಬುದು ಪಕ್ಕದ ಆಮ್ಲದ ವಿದ್ಯುದಂಶವನ್ನು ಅವಲಂಬಿಸಿದೆ, ಪಕ್ಕದ್ದು ಇದನ್ನು. ಹಾಗಾಗಿ ಯಾವ ಪಿಎಚ್‌ನಲ್ಲಿ ಪ್ರೋಟಾನು ಬಿಡುತ್ತದೆ ಎಂಬುದಕ್ಕೆ ಪುಸ್ತಕದ ಸಂಖ್ಯೆ ಹಾಕಿ ಮುಗಿಸುವಂತಿಲ್ಲ. ಒಂದು ಊಹೆಯಿಂದ ಹೊರಟು, ಎರಡೂ ಒಪ್ಪುವ ತನಕ ಗಣಕಯಂತ್ರ ಮತ್ತೆ ಮತ್ತೆ ತಿದ್ದಬೇಕು. ನೀರಿನ ಉಪ್ಪಿನ ಅಯಾನುಗಳು ವಿದ್ಯುದಂಶದ ಸುತ್ತ ಮುತ್ತಿ ಅದರ ಪ್ರಭಾವವನ್ನು ಮರೆಮಾಡುವುದನ್ನೂ ಸೇರಿಸಬೇಕು. ಈ ಮರೆಯ ಸಿದ್ಧಾಂತವನ್ನು ಡಿಬೈ ಮತ್ತು ಹ್ಯೂಕೆಲ್ 1923ರಲ್ಲಿ ಕೊಟ್ಟರು. ಲೀಟರಿಗೆ 0.1 ಮೋಲ್ ಅಡುಗೆ ಉಪ್ಪು ಇದ್ದರೆ ವಿದ್ಯುದಂಶದ ಪ್ರಭಾವ ಸುಮಾರು 1 ನ್ಯಾನೋಮೀಟರಿನಾಚೆ ಬೇಗ ಕುಗ್ಗುತ್ತದೆ. ಚಿಪ್ಪಿನ ಆಚೆ ದಡದ ಸದ್ದು ಈಚೆಗೆ ಕೇಳದು, ನೆರೆಮನೆಯದಷ್ಟೇ ಕೇಳುತ್ತದೆ.

ಬಾಲಗಳ ಧನ ವಿದ್ಯುದಂಶ ಒಟ್ಟು 1,800ರಷ್ಟು. ಒಳಗಿನ ಆರ್‌ಎನ್‌ಎಯಲ್ಲಿ ಸುಮಾರು 3,000 ನ್ಯೂಕ್ಲಿಯೋಟೈಡುಗಳು, ಒಂದೊಂದಕ್ಕೂ ಒಂದು ಋಣ ವಿದ್ಯುದಂಶ. ಉಳಿದ ಋಣವನ್ನು ಮೆಗ್ನೀಸಿಯಂನಂಥ ಅಯಾನುಗಳು ತುಂಬಿಕೊಡಬೇಕು. ಅವನ್ನು ಬಿಟ್ಟ ಮಾದರಿ ಅರ್ಧ ಲೆಕ್ಕ. 1995ರಲ್ಲಿ ಎಕ್ಸ್-ರೇ ಸ್ಫಟಿಕ ವಿಧಾನದಿಂದ ಈ ಚಿಪ್ಪಿನ ಪರಮಾಣುಗಳ ನೆಲೆ ತಿಳಿಯಿತು. ಆದರೆ ಬಾಲಗಳ ಬಹುಭಾಗ ಅದರಲ್ಲಿ ಮೂಡಲಿಲ್ಲ, ಏಕೆಂದರೆ ಅವು ಒಂದು ಭಂಗಿಯಲ್ಲಿ ನಿಲ್ಲುವುದಿಲ್ಲ. ಅತಿ ಹೆಚ್ಚು ಧನ ವಿದ್ಯುದಂಶ ಹೊತ್ತ ಆ ಭಾಗವನ್ನು ಮಾದರಿ ಕಟ್ಟುವವರು ಅಲುಗಾಡುವ ಎಳೆಯೆಂದೇ ಬಗೆದು, ಸಾವಿರಾರು ಭಂಗಿಗಳಲ್ಲಿ ಲೆಕ್ಕ ಹಾಕುತ್ತಾರೆ.